ಬೋಟಿನ ಟಾಪ್ ಸ್ಪೀಡ್: ಮೂರು ಅಳತೆ, ಮೂರು ನಂಬರ್, ಯಾವುದನ್ನು ನಂಬೋದು?

ಪ್ರಶ್ನೆ: ನನ್ನ ಹತ್ತಿರ 70 ಸೆಂ.ಮೀ. ಉದ್ದದ ರಿಮೋಟ್ ಕಂಟ್ರೋಲ್ ಬೋಟ್ ಇದೆ. 4ಎಸ್ (ನಾಲ್ಕು ಸೆಲ್ಲಿನ) ಲಿಪೋ ಬ್ಯಾಟರಿ, 2000 ಕೆವಿ (ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು) ಬ್ರಷ್‌ಲೆಸ್ ಮೋಟರ್, 40 ಮಿ.ಮೀ. ಪ್ರೊಪೆಲ್ಲರ್. ಡಬ್ಬದ ಮೇಲೆ ಗಂಟೆಗೆ 50 ಮೈಲಿಗಿಂತ ಜಾಸ್ತಿ ಅಂತ ಬರೆದಿದ್ದಾರೆ. ಫೋನನ್ನು ವಾಟರ್‌ಪ್ರೂಫ್ ಚೀಲದಲ್ಲಿ ಹಾಕಿ ಬೋಟಿನೊಳಗೆ ಇಟ್ಟು ಓಡಿಸಿದೆ, ಆ್ಯಪ್ 58 ಕಿ.ಮೀ. ತೋರಿಸಿತು. ಗೆಳೆಯನ ಪುಟ್ಟ ಜಿಪಿಎಸ್ ಮೀಟರ್ ಕಟ್ಟಿ ಓಡಿಸಿದರೆ ಮ್ಯಾಕ್ಸಿಮಮ್ 94 ಬಂತು. ದಡದಲ್ಲಿ 50 ಮೀಟರ್ ಅಳೆದು ಸ್ಟಾಪ್‌ವಾಚ್ ಹಿಡಿದರೆ 71. ಇದರಲ್ಲಿ ಯಾವುದು ನಿಜ? ಸರಿಯಾಗಿ ಅಳೆಯೋದು ಹೇಗೆ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, 94 ಅನ್ನು ಮರೆತುಬಿಡಿ. ಬೇಜಾರಾಗುತ್ತದೆ ಅಂತ ಗೊತ್ತು. ಆದರೆ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಬಂದ ನಂಬರೇ ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಟ್ಟ ನಂಬರ್. 71 ನಿಜಕ್ಕೆ ಹತ್ತಿರ ಇರಬಹುದು, ಆದರೆ ಅದನ್ನು 71 ಅಂತ ಓದಬೇಡಿ, 66ರಿಂದ 77ರ ನಡುವೆ ಎಲ್ಲೋ ಅಂತ ಓದಿ. 58 ಕೂಡ ಪೂರ್ತಿ ಸುಳ್ಳಲ್ಲ, ಅದು ಬೇರೆಯೇ ಒಂದು ಬೋಟಿನ ಸ್ಪೀಡ್. ಒಂದೊಂದಾಗಿ ನೋಡೋಣ.

ಫೋನಿನ ವಿಷಯ ಬೇಗ ಮುಗಿಯುತ್ತದೆ. ಫೋನ್, ಚೀಲ ಎಲ್ಲ ಸೇರಿ 200 ಗ್ರಾಂ ದಾಟುತ್ತದೆ. 70 ಸೆಂ.ಮೀ. ಬೋಟಿಗೆ ಅದು ಕಡಿಮೆ ಭಾರ ಅಲ್ಲ, ಅದರಲ್ಲೂ ಮೂತಿ ಕಡೆ ಇಟ್ಟಿದ್ದರೆ ಬೋಟ್ ನೀರಿನ ಮೇಲೆ ಏಳುವುದೇ ಇಲ್ಲ, ನೀರನ್ನು ಸೀಳಿಕೊಂಡು ಹೋಗುತ್ತದೆ. ಅಂದರೆ ಅಳೆಯೋಕೆ ಹೋಗಿ ಬೋಟನ್ನೇ ನಿಧಾನ ಮಾಡಿದ್ದೀರಿ. ಜೊತೆಗೆ ಫೋನಿನ ಆ್ಯಪ್‌ಗಳು ಹೆಚ್ಚಾಗಿ ಸೆಕೆಂಡಿಗೆ ಒಂದೇ ಸಲ ರೀಡಿಂಗ್ ತೆಗೆದುಕೊಳ್ಳುತ್ತವೆ, ಅದನ್ನೂ ಹಿಂದಿನ ರೀಡಿಂಗ್‌ಗಳ ಜೊತೆ ಸೇರಿಸಿ ನಯ ಮಾಡಿ ತೋರಿಸುತ್ತವೆ. ನಿಮ್ಮ ಬೋಟ್ ಸೆಕೆಂಡಿಗೆ 20 ಮೀಟರ್ ಹೋಗುತ್ತದೆ ಅಂದುಕೊಳ್ಳಿ. ಎರಡು ರೀಡಿಂಗ್ ನಡುವೆ 20 ಮೀಟರ್ ಖಾಲಿ. ಫುಲ್ ಥ್ರಾಟಲ್ ಕೊಟ್ಟು ಎರಡೇ ಸೆಕೆಂಡಿಗೆ ಬಿಟ್ಟರೆ ನಿಜವಾದ ಟಾಪ್ ಸ್ಪೀಡ್ ಆ ಖಾಲಿ ಜಾಗದಲ್ಲೇ ಕಳೆದುಹೋಗುತ್ತದೆ. ಫೋನ್ ನೀರಿಗೆ ಬಿದ್ದರೆ ಏನು ಅನ್ನೋದನ್ನು ನಾನು ಹೇಳಬೇಕಿಲ್ಲ.

ಈಗ 94ರ ಕಥೆ. ಜಿಪಿಎಸ್ ಮೀಟರ್ ಒಳ್ಳೆಯ ಸಾಧನವೇ, ಈಗ ಹೆಚ್ಚಿನವರು ಬಳಸುವುದೂ ಅದನ್ನೇ. ಅದರ ಚಿಪ್ ಸ್ಪೀಡನ್ನು ನಾವು ಅಂದುಕೊಂಡ ಹಾಗೆ ಇಲ್ಲಿಂದ ಅಲ್ಲಿಗೆ ಎಷ್ಟು ದೂರ ಅಂತ ಭಾಗಿಸಿ ತೆಗೆಯುವುದಿಲ್ಲ. ಉಪಗ್ರಹದ ಸಿಗ್ನಲ್ಲಿನ ಫ್ರೀಕ್ವೆನ್ಸಿ ಎಷ್ಟು ಸರಿದಿದೆ ಅಂತ ನೋಡುತ್ತದೆ, ಅಂದರೆ ಡಾಪ್ಲರ್ ಪರಿಣಾಮ. ಹಾಗಾಗಿ ಜಾಗ ಎರಡು ಮೂರು ಮೀಟರ್ ತಪ್ಪಿದರೂ ಸ್ಪೀಡ್ ಮಾತ್ರ ಚೆನ್ನಾಗಿ ಬರುತ್ತದೆ, ಆಕಾಶ ತೆರೆದಿದ್ದು ಆಂಟೆನಾ ಮೇಲಕ್ಕೆ ನೋಡುತ್ತಿದ್ದರೆ.

ಈ ಕೊನೆಯ ಷರತ್ತೇ ಬೋಟಿನಲ್ಲಿ ಕೈಕೊಡುವುದು. ಜಿಪಿಎಸ್ ಸಿಗ್ನಲ್ 1575 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಬರುತ್ತದೆ, ತುಂಬಾ ಸಣ್ಣ ಸಿಗ್ನಲ್, ನೀರು ಅದನ್ನು ನುಂಗಿಬಿಡುತ್ತದೆ. ಬೋಟ್ ಒಂದು ಸಲ ಹಾರಿ ಪಕ್ಕಕ್ಕೆ ವಾಲಿದರೆ, ಮೇಲೆ ನೀರಿನ ಪರದೆ ಬಿದ್ದರೆ, ಪಲ್ಟಿಯಾದರಂತೂ ಕೇಳುವುದೇ ಬೇಡ, ಚಿಪ್ಪಿಗೆ ನಾಲ್ಕೈದು ಉಪಗ್ರಹಗಳು ಒಟ್ಟಿಗೆ ಕಾಣೆಯಾಗುತ್ತವೆ. ಆಗ ಅದು ಸುಮ್ನೆ ಇರುವುದಿಲ್ಲ, ಉಳಿದ ಅರೆಬರೆ ಮಾಹಿತಿಯಲ್ಲೇ ಒಂದು ಲೆಕ್ಕ ಹಾಕಿ ಎಸೆಯುತ್ತದೆ. ಮೀಟರ್ ಅದನ್ನೇ ಮ್ಯಾಕ್ಸಿಮಮ್ ಅಂತ ನೆನಪಿಟ್ಟುಕೊಳ್ಳುತ್ತದೆ. ಅವತ್ತು ಬೋಟ್ ಪಲ್ಟಿಯಾಗಿತ್ತಾ ಅಂತ ಗೆಳೆಯನನ್ನು ಕೇಳಿ ನೋಡಿ.

ಅದಕ್ಕೇ ಸ್ಕ್ರೀನಿನ ಮೇಲೆ ಬರುವ ಒಂದು ಮ್ಯಾಕ್ಸಿಮಮ್ ನಂಬರನ್ನು ನಾನು ನಂಬುವುದಿಲ್ಲ. ಲಾಗ್ ಬೇಕು, ಅಂದರೆ ಒಂದೊಂದು ರೀಡಿಂಗಿನ ಪೂರ್ತಿ ದಾಖಲೆ. ಮೀಟರಿನಲ್ಲಿ ಲಾಗ್ ಉಳಿಸುವ ಸೌಲಭ್ಯ ಇದ್ದರೆ ಅದನ್ನು ಕಂಪ್ಯೂಟರಿಗೆ ಹಾಕಿ ಗ್ರಾಫ್ ತೆರೆಯಿರಿ. ನಿಜವಾದ ಓಟ ಹೇಗೆ ಕಾಣುತ್ತದೆ ಅಂದರೆ, ಸ್ಪೀಡ್ ಏರುತ್ತದೆ, ಮೇಲೆ ಹೋಗಿ ಒಂದೆರಡು ಸೆಕೆಂಡ್ ಮಟ್ಟಸವಾಗಿ ನಿಲ್ಲುತ್ತದೆ, ಆಮೇಲೆ ಥ್ರಾಟಲ್ ಬಿಟ್ಟಾಗ ಇಳಿಯುತ್ತದೆ. ಸುಳ್ಳು ರೀಡಿಂಗ್ ಹಾಗಲ್ಲ, ಒಂಟಿ ಮೊಳೆಯ ಹಾಗೆ ನೆಟ್ಟಗೆ ಎದ್ದು ನಿಂತಿರುತ್ತದೆ. ಒಂದು ಸಣ್ಣ ಲೆಕ್ಕ ಹಾಕಿದರೆ ಅದರ ಬಣ್ಣ ಬಯಲಾಗುತ್ತದೆ. ಸೆಕೆಂಡಿಗೆ 10 ರೀಡಿಂಗ್ ಕೊಡುವ ಮೀಟರಿನಲ್ಲಿ ಒಂದು ಸಾಲು 67, ಮುಂದಿನ ಸಾಲು 94 ಅಂತ ಇದೆ ಅಂದುಕೊಳ್ಳಿ. 27 ಕಿ.ಮೀ. ಅಂದರೆ ಸೆಕೆಂಡಿಗೆ 7.5 ಮೀಟರ್. ಅಷ್ಟನ್ನು 0.1 ಸೆಕೆಂಡಿನಲ್ಲಿ ಏರಿಸಬೇಕಾದರೆ ಗುರುತ್ವಾಕರ್ಷಣೆಯ ಏಳೂವರೆ ಪಟ್ಟು ವೇಗೋತ್ಕರ್ಷ ಬೇಕು. ನಿಮ್ಮ ಪ್ರೊಪೆಲ್ಲರ್ ಅಷ್ಟು ತಳ್ಳಿದ್ದರೆ ಬೋಟ್ ಇಷ್ಟರಲ್ಲಿ ಎರಡು ತುಂಡಾಗಿರುತ್ತಿತ್ತು. ಅದೇ ಸಾಲಿನಲ್ಲಿ ಉಪಗ್ರಹಗಳ ಸಂಖ್ಯೆಯೂ ದಾಖಲಾಗಿದ್ದರೆ ನೋಡಿ, 11 ಇದ್ದದ್ದು ಧಡಕ್ಕಂತ 5ಕ್ಕೆ ಬಿದ್ದಿದ್ದರೆ ಇನ್ನು ವಾದವೇ ಬೇಡ.

ನನ್ನ ನಿಯಮ ಇಷ್ಟೇ: ಕನಿಷ್ಠ ಒಂದು ಪೂರ್ತಿ ಸೆಕೆಂಡ್ ನಿಂತ ಸ್ಪೀಡ್ ಮಾತ್ರ ಟಾಪ್ ಸ್ಪೀಡ್. ಅದಕ್ಕಿಂತ ಕಡಿಮೆ ಹೊತ್ತು ಬಂದದ್ದು ಲೆಕ್ಕಕ್ಕಿಲ್ಲ.

ಜಿಪಿಎಸ್ ಕಟ್ಟುವುದರಲ್ಲೂ ಗಮನ ಬೇಕು. 10 ಹರ್ಟ್ಸ್, ಅಂದರೆ ಸೆಕೆಂಡಿಗೆ 10, ಅಥವಾ ಅದಕ್ಕಿಂತ ಜಾಸ್ತಿ ರೀಡಿಂಗ್ ಕೊಡುವ ಹಗುರವಾದ ಮೀಟರ್ ಆರಿಸಿ. ಬೋಟಿನ ಮುಚ್ಚಳದ ಕೆಳಗೆ, ಆದಷ್ಟು ಮೇಲೆ, ಬೋಟ್ ತೂಗುವ ನಡುಭಾಗದ ಹತ್ತಿರ ಇಡಿ, ಆಗ ಬೋಟಿನ ಬ್ಯಾಲೆನ್ಸ್ ಕೆಡುವುದಿಲ್ಲ. ಇಎಸ್‌ಸಿಯಿಂದ (ಮೋಟರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್), ಬ್ಯಾಟರಿಯ ದಪ್ಪ ವೈರುಗಳಿಂದ ದೂರ ಇರಲಿ. ಫೈಬರ್‌ಗ್ಲಾಸ್ ಅಥವಾ ಪ್ಲಾಸ್ಟಿಕ್ ಮುಚ್ಚಳ ಆದರೆ ಸಿಗ್ನಲ್ ಸಲೀಸಾಗಿ ಒಳಗೆ ಬರುತ್ತದೆ, ಕಾರ್ಬನ್ ಫೈಬರ್ ಆದರೆ ಬರುವುದಿಲ್ಲ, ಆಗ ಮೀಟರನ್ನು ಹೊರಗೇ ಅಂಟಿಸಬೇಕು. ಜಿಪ್ ಚೀಲದಲ್ಲಿ ಹಾಕಿ ವೆಲ್ಕ್ರೋ ಮೇಲೆ ಕೂರಿಸಿ, ಜೊತೆಗೆ ಒಂದು ದಾರ ಕಟ್ಟಿ, ದಾರದ ತುದಿಗೆ ತೇಲುವಂಥ ಫೋಮ್ ತುಂಡು. ವೆಲ್ಕ್ರೋ ಒಂದನ್ನೇ ನಂಬಿದವರ ಮೀಟರ್‌ಗಳು ಕೆರೆಯ ತಳದಲ್ಲಿವೆ.

ಇನ್ನೊಂದು ವಿಷಯ, ಆನ್ ಮಾಡಿದ ತಕ್ಷಣ ನೀರಿಗೆ ಬಿಡಬೇಡಿ. ಪ್ರತಿ ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಕಳಿಸುತ್ತಿರುತ್ತದೆ, ಮಧ್ಯದಲ್ಲಿ ಸಿಗ್ನಲ್ ತಪ್ಪಿದರೆ ಮುಂದಿನ ಸುತ್ತಿಗೆ ಕಾಯಬೇಕು. ತೆರೆದ ಆಕಾಶದ ಕೆಳಗೆ ಅಲುಗಾಡಿಸದೆ ಎರಡು ನಿಮಿಷ ಇಡಿ. ಎಂಟಕ್ಕಿಂತ ಜಾಸ್ತಿ ಉಪಗ್ರಹ ಸಿಕ್ಕ ಮೇಲೆ ಮುಚ್ಚಳ ಹಾಕಿ.

ಇನ್ನು ನಿಮ್ಮ 71. 50 ಮೀಟರನ್ನು 71ರ ಸ್ಪೀಡಿನಲ್ಲಿ ದಾಟಲು ಬೋಟಿಗೆ ಬೇಕಾಗಿದ್ದು ಸುಮಾರು 2.53 ಸೆಕೆಂಡ್. ಕಣ್ಣು ಕಂಡದ್ದಕ್ಕೆ ಬೆರಳು ಒತ್ತುವಷ್ಟರಲ್ಲಿ 0.2 ಸೆಕೆಂಡ್ ಆಚೀಚೆ ಆಗುವುದು ಯಾರಿಗಾದರೂ ಸಹಜ. 2.33 ಆದರೆ 77, 2.73 ಆದರೆ 66. ನಾನು ಮೇಲೆ ಹೇಳಿದ 66ರಿಂದ 77 ಬಂದದ್ದು ಇಲ್ಲಿಂದ. ಇದಕ್ಕೆ ಮದ್ದು ದೂರ ಜಾಸ್ತಿ ಮಾಡುವುದು. 100 ಮೀಟರ್ ಇಟ್ಟರೆ ಅದೇ 0.2 ಸೆಕೆಂಡಿನ ತಪ್ಪು ಶೇಕಡಾ 4ಕ್ಕೆ ಇಳಿಯುತ್ತದೆ. 20 ಮೀಟರಿನಲ್ಲಿ ಅಳೆದೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ, ಅಲ್ಲಿ ತಪ್ಪು ಹೆಚ್ಚುಕಡಿಮೆ ಶೇಕಡಾ 20 ಆಗುತ್ತದೆ. ಅಮೆರಿಕದ ಮಾಡೆಲ್ ಬೋಟ್ ಸ್ಪರ್ಧೆಗಳಲ್ಲಿ ನೇರ ಓಟದ ದಾಖಲೆಗೆ ಇಡುವ ದೂರ 330 ಅಡಿ, ಅಂದರೆ ಮೈಲಿಯ ಹದಿನಾರನೇ ಒಂದು ಭಾಗ, ಹತ್ತಿರ ಹತ್ತಿರ ನೂರು ಮೀಟರೇ.

ಸ್ಟಾಪ್‌ವಾಚಿಗಿಂತ ವೀಡಿಯೊ ಮೇಲು. ಬೆರಳಿನ ತಡ ಅದರಲ್ಲಿ ಇರುವುದಿಲ್ಲ. ನೀರಿನಲ್ಲಿ 10 ಮೀಟರ್ ಅಂತರದಲ್ಲಿ ಎರಡು ಬೋಯ್ (ತೇಲುವ ಗುರುತು) ಬಿಡಿ, ಫೋನನ್ನು ಸ್ಟ್ಯಾಂಡಿನ ಮೇಲೆ ಅಲುಗಾಡದಂತೆ ನಿಲ್ಲಿಸಿ. ಸೆಕೆಂಡಿಗೆ 60 ಫ್ರೇಮ್ ತೆಗೆದರೆ, 20 ಮೀಟರ್ ಸ್ಪೀಡಿನ ಬೋಟ್ ಒಂದು ಬೋಯಿಂದ ಇನ್ನೊಂದಕ್ಕೆ ಹೋಗಲು 30 ಫ್ರೇಮ್ ಆಗುತ್ತದೆ. ಒಂದು ಫ್ರೇಮ್ ಆಚೀಚೆ ಎಣಿಸಿದರೂ ತಪ್ಪು ಶೇಕಡಾ 3 ಅಷ್ಟೇ. ಚೆನ್ನಾಗಿದೆ ಅಲ್ವಾ?

ಚೆನ್ನಾಗಿದೆ, ಬೋಟ್ ಬೋಯ್‌ಗಳ ಸಾಲಿನಲ್ಲೇ ಹೋದರೆ. ಕ್ಯಾಮೆರಾದಿಂದ ಬೋಯ್‌ಗಳು 20 ಮೀಟರ್ ದೂರ ಇವೆ, ಬೋಟ್ ಅವುಗಳಿಗಿಂತ 2 ಮೀಟರ್ ಆಚೆ ಹೋಯಿತು ಅಂದುಕೊಳ್ಳಿ. ಕ್ಯಾಮೆರಾದ ಕಣ್ಣಿಗೆ ಬೋಟ್ ಬೋಯಿಂದ ಬೋಯಿಗೆ ಹೋದ ಹಾಗೆಯೇ ಕಾಣುತ್ತದೆ. ಆದರೆ ನೋಟದ ಗೆರೆಗಳು ದೂರ ಹೋದ ಹಾಗೆ ಅಗಲವಾಗುತ್ತವೆ, ಬೋಟ್ ನಿಜವಾಗಿ ಹೋದದ್ದು 11 ಮೀಟರ್. ನೀವು 10 ಅಂತ ಲೆಕ್ಕ ಹಾಕಿದಿರಿ, ಸ್ಪೀಡ್ ಕಡಿಮೆ ಬಂತು. ಬೋಟ್ 2 ಮೀಟರ್ ಈಚೆ ಹೋಗಿದ್ದರೆ ಉಲ್ಟಾ, ಸ್ಪೀಡ್ ಜಾಸ್ತಿ ತೋರಿಸುತ್ತಿತ್ತು. ಕೆಲವರು ದಡಕ್ಕೆ ತೀರಾ ಹತ್ತಿರ ಓಡಿಸಿ ಭಾರೀ ನಂಬರ್ ತೆಗೆಯುವ ಗುಟ್ಟು ಇದೇ, ಅವರಿಗೂ ಅದು ಗೊತ್ತಿರುವುದಿಲ್ಲ.

ಸ್ಟಾಪ್‌ವಾಚ್ ಹಿಡಿದಾಗ ನೀವು ಎಲ್ಲಿ ನಿಂತಿದ್ದಿರಿ? ಎರಡು ಕಂಬದ ನಡುವೆ, ಹಿಂದಕ್ಕೆ ನಿಂತು ಎರಡನ್ನೂ ಓರೆಯಾಗಿ ನೋಡಿದ್ದರೆ ನಿಮ್ಮದೂ ಇದೇ ತಪ್ಪು, ಅದೂ ಇನ್ನೂ ದೊಡ್ಡದಾಗಿ. ಪರಿಹಾರ ಸುಲಭ. ಪ್ರತಿ ತುದಿಯಲ್ಲೂ ಒಂದರ ಹಿಂದೆ ಒಂದು ಎರಡು ಕೋಲು ನೆಡಿ, ಬೋಟ್ ಓಡುವ ದಾರಿಗೆ ಅಡ್ಡವಾಗಿ. ಆ ಎರಡು ಕೋಲು ಒಂದೇ ಗೆರೆಯಲ್ಲಿ ಕಾಣುವ ಕಡೆ ಒಬ್ಬೊಬ್ಬರು ಒಂದೊಂದು ಫೋನ್ ಹಿಡಿದು ನಿಲ್ಲಿ. ಬೋಟ್ ಎಷ್ಟು ದೂರದಲ್ಲಿ ಹೋದರೂ ಗೆರೆ ದಾಟಿದ ಕ್ಷಣ ಅದೇ. ಎರಡು ವೀಡಿಯೊಗಳ ಸಮಯ ಹೊಂದಿಸಲು ಶುರುವಿನಲ್ಲಿ ಎರಡೂ ಫೋನನ್ನು ಪಕ್ಕಪಕ್ಕ ಇಟ್ಟು ಜೋರಾಗಿ ಒಂದು ಚಪ್ಪಾಳೆ ಹೊಡೆದು, ರೆಕಾರ್ಡಿಂಗ್ ನಿಲ್ಲಿಸದೆ ತುದಿಗಳಿಗೆ ಹೋದರೆ ಸಾಕು.

ಸ್ಲೋ ಮೋಷನ್‌ನಲ್ಲಿ ಒಂದು ಮೋಸ ಇದೆ, ನೆನಪಿರಲಿ. ಸೆಕೆಂಡಿಗೆ 240 ಫ್ರೇಮ್ ಅಂತ ತೆಗೆದ ವೀಡಿಯೊವನ್ನು ಫೋನ್ ಕೆಲವು ಸಲ 30 ಫ್ರೇಮಿನ ಫೈಲ್ ಆಗಿ ಉಳಿಸುತ್ತದೆ, ಕೆಲವು ಸಲ ಮಧ್ಯದ ಭಾಗ ಮಾತ್ರ ನಿಧಾನ ಮಾಡುತ್ತದೆ. ಓಟಕ್ಕೆ ಮುಂಚೆ ಓಡುತ್ತಿರುವ ಡಿಜಿಟಲ್ ಸ್ಟಾಪ್‌ವಾಚನ್ನು ಅದೇ ಸೆಟ್ಟಿಂಗ್‌ನಲ್ಲಿ ಐದು ಸೆಕೆಂಡ್ ಶೂಟ್ ಮಾಡಿ, ಒಂದು ಸೆಕೆಂಡಿಗೆ ನಿಜಕ್ಕೂ ಎಷ್ಟು ಫ್ರೇಮ್ ಬಂದಿದೆ ಅಂತ ಎಣಿಸಿಕೊಳ್ಳಿ.

ರಾಡಾರ್ ಗನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾರಿಗೆ, ಚೆಂಡಿಗೆ ಸರಿ, ಬೋಟಿಗೆ ಅಷ್ಟಕ್ಕಷ್ಟೆ. ಸಣ್ಣ ಪ್ಲಾಸ್ಟಿಕ್ ಬೋಟ್ ರಾಡಾರ್ ಅಲೆಯನ್ನು ಸರಿಯಾಗಿ ಹಿಂದಕ್ಕೆ ಕಳಿಸುವುದಿಲ್ಲ, ಹಾರುವ ನೀರಿನ ಹನಿಗಳು ಬೇರೆ ಗೊಂದಲ ಮಾಡುತ್ತವೆ. ಪಕ್ಕದಿಂದ ಹಿಡಿದರೆ ನಂಬರ್ ಕಡಿಮೆ ಬರುತ್ತದೆ, 10 ಡಿಗ್ರಿ ಓರೆಯಾದರೆ ಶೇಕಡಾ 1.5, 20 ಡಿಗ್ರಿಗೆ ಶೇಕಡಾ 6, 30 ಡಿಗ್ರಿಗೆ ಶೇಕಡಾ 13. ಸರಿಯಾಗಿ ಬರಬೇಕಾದರೆ ಬೋಟ್ ನೇರ ನಿಮ್ಮ ಕಡೆಗೇ ಬರಬೇಕು. ಎರಡು ಕಿಲೋ ತೂಕದ ಬೋಟ್ ಸೆಕೆಂಡಿಗೆ 20 ಮೀಟರಿನಲ್ಲಿ, ಮುಂದೆ ಚೂಪು ಮೂತಿ, ಹಿಂದೆ ಬ್ಲೇಡಿನಂಥ ಪ್ರೊಪೆಲ್ಲರ್. ಬೇಡಪ್ಪ ಅನಿಸುತ್ತದೆ.

ನನಗೆ ತುಂಬಾ ಇಷ್ಟದ ವಿಧಾನ ಬೇರೆ ಇದೆ. ಅದಕ್ಕೆ ಬೋಟಿನಲ್ಲಿ ಏನನ್ನೂ ಕಟ್ಟಬೇಕಿಲ್ಲ. ಶಬ್ದ! ಬೋಟ್ ನಿಮ್ಮ ಮುಂದೆ ಹಾದುಹೋಗುವಾಗ ಅದರ ಕೀರಲು ದನಿ ಬರುವಾಗ ಮೇಲಿದ್ದದ್ದು ಹೋಗುವಾಗ ಕೆಳಗಿಳಿಯುತ್ತದಲ್ಲ, ಆ ಇಳಿತದಲ್ಲೇ ಸ್ಪೀಡ್ ಅಡಗಿದೆ. ನೀರಿನಂಚಿನಲ್ಲಿ ಫೋನ್ ಇಟ್ಟು ಆಡಿಯೊ ರೆಕಾರ್ಡ್ ಮಾಡಿ. ಬೋಟ್ ಅದರ ಮುಂದೆ ಹತ್ತು ಮೀಟರ್ ದೂರದಲ್ಲಿ, ಫುಲ್ ಥ್ರಾಟಲ್‌ನಲ್ಲಿ, ನೇರವಾಗಿ ಹೋಗಬೇಕು. ಆಮೇಲೆ ಯಾವುದಾದರೂ ಉಚಿತ ಆಡಿಯೊ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರೋಗ್ರಾಮ್ (ಯಾವ ಕ್ಷಣ ಯಾವ ಫ್ರೀಕ್ವೆನ್ಸಿ ಇತ್ತು ಅಂತ ತೋರಿಸುವ ಚಿತ್ರ) ತೆರೆದರೆ ಮೇಲಿನಿಂದ ಕೆಳಕ್ಕೆ ಜಾರುವ ಒಂದು ಗೆರೆ ಸ್ಪಷ್ಟವಾಗಿ ಕಾಣುತ್ತದೆ. ದೂರದಿಂದ ಬರುವಾಗಿನ ಫ್ರೀಕ್ವೆನ್ಸಿ, ದೂರ ಹೋಗುವಾಗಿನ ಫ್ರೀಕ್ವೆನ್ಸಿ ಬರೆದುಕೊಳ್ಳಿ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ, ಶಬ್ದದ ವೇಗದಿಂದ ಗುಣಿಸಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಬಿಸಿಲು ಜಾಸ್ತಿ ಇದ್ದು 30 ಡಿಗ್ರಿ ಆದರೆ 349.

ಉದಾಹರಣೆಗೆ ಬರುವಾಗ 885 ಹರ್ಟ್ಸ್, ಹೋಗುವಾಗ 787 ಅಂತ ಇಟ್ಟುಕೊಳ್ಳಿ. ವ್ಯತ್ಯಾಸ 98, ಮೊತ್ತ 1672. ಭಾಗಿಸಿ 343ರಿಂದ ಗುಣಿಸಿದರೆ 20.1. ಸೆಕೆಂಡಿಗೆ 20.1 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ಚಿಲ್ಲರೆ.

ಇದರ ಮಜಾ ಇಲ್ಲಿಗೆ ಮುಗಿಯುವುದಿಲ್ಲ. ಬೋಟ್ ನಿಂತಲ್ಲೇ ಇದ್ದಿದ್ದರೆ ಆ ದನಿ ಎಷ್ಟಿರುತ್ತಿತ್ತು ಅಂತಲೂ ಲೆಕ್ಕ ಹಾಕಬಹುದು: ಎರಡು ಫ್ರೀಕ್ವೆನ್ಸಿಗಳ ಗುಣಲಬ್ಧದ ಎರಡು ಪಟ್ಟನ್ನು ಮೊತ್ತದಿಂದ ಭಾಗಿಸಿದರೆ 833 ಹರ್ಟ್ಸ್. ಎರಡು ರೆಕ್ಕೆಯ ಪ್ರೊಪೆಲ್ಲರಿನ ದನಿ ಇದಾದರೆ ಸೆಕೆಂಡಿಗೆ 416 ಸುತ್ತು, ನಿಮಿಷಕ್ಕೆ ಸುಮಾರು 25,000, ಇದೇ ಆರ್‌ಪಿಎಮ್. ನಿಮ್ಮ 40 ಮಿ.ಮೀ. ಪ್ರೊಪೆಲ್ಲರಿನ ಪಿಚ್ ಅದರ ವ್ಯಾಸದ 1.4 ಪಟ್ಟು ಅಂದುಕೊಂಡರೆ ಒಂದು ಸುತ್ತಿಗೆ 56 ಮಿ.ಮೀ. ಮುಂದೆ ಹೋಗಬೇಕು. 25,000 ಸುತ್ತಿಗೆ ನಿಮಿಷಕ್ಕೆ 1,400 ಮೀಟರ್, ಗಂಟೆಗೆ 84 ಕಿ.ಮೀ. ಬೋಟ್ ಹೋದದ್ದು 72. ಉಳಿದದ್ದು ಪ್ರೊಪೆಲ್ಲರ್ ನೀರಿನಲ್ಲಿ ಜಾರಿದ್ದು, ಶೇಕಡಾ 14ರಷ್ಟು ಸ್ಲಿಪ್. ಒಂದು ರೆಕಾರ್ಡಿಂಗ್‌ನಿಂದ ಸ್ಪೀಡೂ ಬಂತು, ಆರ್‌ಪಿಎಮ್ಮೂ ಬಂತು, ಸ್ಲಿಪ್ಪೂ ಬಂತು. ಆದರೆ ಕೇಳಿಸಿದ್ದು ಪ್ರೊಪೆಲ್ಲರಿನ ದನಿ ಅಲ್ಲದೆ ಮೋಟರಿನದ್ದಾದರೆ ಆರ್‌ಪಿಎಮ್ ಲೆಕ್ಕ ತಪ್ಪುತ್ತದೆ, ಸ್ಪೀಡಿನ ಲೆಕ್ಕ ಮಾತ್ರ ಯಾವ ದನಿ ಹಿಡಿದರೂ ಸರಿಯೇ.

ಈ ಲೆಕ್ಕವನ್ನೇ ತಿರುಗಿಸಿ 94ಕ್ಕೆ ಹಿಡಿಯೋಣ. 2000 ಕೆವಿ ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು. 4ಎಸ್ ಬ್ಯಾಟರಿಯ 14.8 ವೋಲ್ಟಿಗೆ 29,600 ಸುತ್ತು, ಅದೂ ಮೋಟರಿಗೆ ಏನೂ ಹೊರೆ ಇಲ್ಲದಿದ್ದರೆ. ಆ ಲೆಕ್ಕದಲ್ಲಿ ಬರುವುದೇ 99 ಕಿ.ಮೀ. ಚಿಲ್ಲರೆ. ಫುಲ್ ಚಾರ್ಜ್ ಆದಾಗ 16.8 ವೋಲ್ಟ್ ಇರುತ್ತದೆ ಅನ್ನುತ್ತೀರಿ, ನಿಜ, ಆದರೆ ಥ್ರಾಟಲ್ ಒತ್ತಿದ ಕೂಡಲೇ ಅದು ಕುಸಿಯುತ್ತದೆ. ಹೊರೆ ಬಿದ್ದಾಗ ಆರ್‌ಪಿಎಮ್ ಶೇಕಡಾ 15 ಇಳಿದು, ಸ್ಲಿಪ್ ಇನ್ನೊಂದು ಶೇಕಡಾ 13 ತಿಂದರೆ ಉಳಿಯುವುದು 73, 74. ನಿಮ್ಮ ಸ್ಟಾಪ್‌ವಾಚ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. 94 ಬರಬೇಕಾದರೆ ಎಲ್ಲ ನಷ್ಟ ಸೇರಿ ಶೇಕಡಾ 6ರೊಳಗೆ ಇರಬೇಕು. ಅಂಥ ಬೋಟನ್ನು ನಾನಂತೂ ನೋಡಿಲ್ಲ. ನಿಮ್ಮ ಪ್ರೊಪೆಲ್ಲರಿನ ಪಿಚ್ ಬೇರೆ ಇದ್ದರೆ 1.4ರ ಬದಲು ಅದನ್ನು ಹಾಕಿಕೊಳ್ಳಿ.

ಯಾವ ವಿಧಾನ ಆದರೂ ಒಂದೇ ದಿಕ್ಕಿನ ಓಟವನ್ನು ನಂಬಬೇಡಿ. ಗಾಳಿ ಬೆನ್ನ ಹಿಂದೆ ಇದ್ದರೆ, ನೀರು ಹರಿಯುತ್ತಿದ್ದರೆ ಸ್ಪೀಡ್ ಪುಕ್ಕಟೆಯಾಗಿ ಸಿಗುತ್ತದೆ. ಸೆಕೆಂಡಿಗೆ ಒಂದು ಮೀಟರ್ ಹರಿವು ಅಂದರೆ ಗಂಟೆಗೆ 3.6 ಕಿ.ಮೀ. ಹೋಗುತ್ತಾ ಒಂದು, ಬರುತ್ತಾ ಒಂದು ಅಳೆದು ಎರಡರ ಸರಾಸರಿ ತೆಗೆಯಿರಿ. ದೊಡ್ಡ ಬೋಟುಗಳಿಗೂ ಇದೇ ನಿಯಮ. ಆಸ್ಟ್ರೇಲಿಯಾದ ಕೆನ್ ವಾರ್ಬಿ 1978ರ ಅಕ್ಟೋಬರ್ 8ರಂದು ಬ್ಲೋವರಿಂಗ್ ಜಲಾಶಯದಲ್ಲಿ ಮಾಡಿದ ಗಂಟೆಗೆ 511.09 ಕಿ.ಮೀ. ದಾಖಲೆ ಕೂಡ ಎರಡೂ ದಿಕ್ಕಿನ ಸರಾಸರಿಯೇ. ಎರಡು ಓಟಗಳನ್ನು ಬೆನ್ನುಬೆನ್ನಿಗೆ ಮುಗಿಸಿ, ಯಾಕೆಂದರೆ ಪ್ರತಿ ಓಟಕ್ಕೂ ಬ್ಯಾಟರಿಯ ವೋಲ್ಟೇಜ್ ಇಳಿಯುತ್ತಿರುತ್ತದೆ, ಎರಡನೇದು ಸುಮ್ನೆ ಕಡಿಮೆ ಬರುತ್ತದೆ.

ಓಡಿಸುವಾಗ ಅಳತೆಯ ಗೆರೆಗೆ 60, 70 ಮೀಟರ್ ಮುಂಚೆಯೇ ಫುಲ್ ಥ್ರಾಟಲ್‌ಗೆ ಬನ್ನಿ, ಗೆರೆ ದಾಟುವಾಗ ಸ್ಪೀಡ್ ಇನ್ನೂ ಏರುತ್ತಿರಬಾರದು. ಕನ್ನಡಿಯಂಥ ನೀರಿಗಿಂತ ಸಣ್ಣ ಅಲೆ ಇರುವ ನೀರು ಒಳ್ಳೆಯದು, ತಳದ ಕೆಳಗೆ ಗಾಳಿ ನುಗ್ಗಿ ಬೋಟ್ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಮುಗಿದ ಮೇಲೆ ಮೊದಲು ಥ್ರಾಟಲ್ ಇಳಿಸಿ, ಆಮೇಲೆ ತಿರುಗಿಸಿ. ನೀರಿನಲ್ಲಿ ಈಜುವವರು, ಹಕ್ಕಿಗಳು ಇದ್ದರೆ ಅವತ್ತಿಗೆ ಬಿಟ್ಟುಬಿಡಿ. ದಡಕ್ಕೆ ತಂದ ಕೂಡಲೇ ಮೋಟರ್, ಇಎಸ್‌ಸಿ, ಬ್ಯಾಟರಿ ಮುಟ್ಟಿ ನೋಡಿ. ಬ್ಯಾಟರಿ ಕೈ ಇಡಲಾಗದಷ್ಟು ಕಾದಿದ್ದರೆ ಎರಡನೇ ಓಟ ಬೇಡ.

ಇನ್ನು ಡಬ್ಬದ ಮೇಲಿನ 50 ಮೈಲಿ, ಅಂದರೆ 80 ಕಿ.ಮೀ. ಅದು ಯಾವ ಬ್ಯಾಟರಿಯಲ್ಲಿ ಅಂತ ಸಣ್ಣ ಅಕ್ಷರದಲ್ಲಿ ಎಲ್ಲಾದರೂ ಬರೆದಿದೆಯಾ ನೋಡಿ, ಇಂಥ ನಂಬರ್ ಎಷ್ಟೋ ಸಲ ಜಾಸ್ತಿ ಸೆಲ್ಲಿನ ಬ್ಯಾಟರಿ ಹಾಕಿದಾಗಿನದ್ದು. ಹಾಗಂತ 6ಎಸ್ ತಂದು ಕಟ್ಟಬೇಡಿ. 22.2 ವೋಲ್ಟಿನಲ್ಲಿ ನಿಮ್ಮ ಮೋಟರ್ ಹೊರೆ ಇಲ್ಲದೆ 44,400 ಸುತ್ತು ತಿರುಗಲು ಹೊರಡುತ್ತದೆ. ಇಎಸ್‌ಸಿ ಎಷ್ಟು ಸೆಲ್ ತಡೆಯುತ್ತದೆ, ಮೋಟರಿನ ಗರಿಷ್ಠ ಆರ್‌ಪಿಎಮ್ ಎಷ್ಟು ಅಂತ ಮೊದಲು ಓದಿಕೊಳ್ಳಿ. ಎರಡೂ ಒಪ್ಪಿದರೂ ಪ್ರೊಪೆಲ್ಲರನ್ನು ಚಿಕ್ಕದು ಮಾಡಿಯೇ ನೀರಿಗೆ ಬಿಡಿ.